ಬೆಳದಿಂಗಳ ಪಂಕ್ತಿ

ಆನವಟ್ಟಿಯ ನಮ್ಮ ಮನೆಯಂಗಳದಲ್ಲಿ ಬೇಸಗೆಯ ಹುಣ್ಣಿಮೆಗೆ ಬೆಳದಿಂಗಳ ಊಟ ಏರ್ಪಡಿಸುವುದು ವಾಡಿಕೆ. ನೆರೆಹೊರೆಯವರಿಗೆ ಬಾಯಿಮಾತಿನ ಕರೆಯೇ ಸಾಕು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಾವಿನಕಾಯಿ ಚಿತ್ರಾನ್ನ, ಒಗ್ಗರಣೆಯ ಮೊಸರನ್ನ. ಈ ಸಲ ಅತಿಥಿಗಳೆಲ್ಲ ಎದ್ದ ಮೇಲೆ ಮಡದಿ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದುದನ್ನು ಕಂಡೆ. ಮಠದ ಪಂಕ್ತಿಯಲ್ಲಿ ಸಮಾನತೆಯ ಪಾಠ ಕಲಿತವನಿಗೆ ನಲವತ್ತು ವರ್ಷ ಇದು ಕಾಣಲೇ ಇಲ್ಲ!

ಮರುದಿನ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಸಮೀಪದ ಕುಬಟೂರಿಗೆ ಹೋದೆವು. ಅಲ್ಲಿನ ಕೈಟಭೇಶ್ವರ ದೇವಾಲಯ ಸುಮಾರು 1100ರ ಕಾಲದ್ದು. ತೆರೆದ ಮಂಟಪದ ಕಡೆದ ಕಂಬಗಳು ಇಂದಿಗೂ ನುಣುಪಾಗಿ ಹೊಳೆಯುತ್ತವೆ. ದರ್ಶನ ಮುಗಿಸಿ, ಹೊರಗೆ ಮರದಡಿ ಎಲ್ಲರನ್ನೂ ಕೂರಿಸಿ ನಾನೇ ಬಡಿಸಿದೆ.

“ನೀವೂ ಕುಳಿತುಕೊಳ್ಳಿ” ಎಂದಳು ಆಕೆ.

“ಮೊದಲು ನಿನ್ನದಾಗಲಿ” ಎಂದೆ.

ಎರಡು ತುತ್ತು ಉಂಡು, ಯಾರೂ ಹೇಳುವ ಮುನ್ನ, ಮೊಸರನ್ನಕ್ಕೆ ಉಪ್ಪು ಕಡಿಮೆಯೆಂದು ಆಕೆಯೇ ನಕ್ಕಳು.