ಉಳಿದ ಮಾತ್ರೆಗಳು

ನಮ್ಮ ಮನೆಯ ದೇವರ ಗೂಡಿನ ಪಕ್ಕದಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಗಳಲ್ಲಿ ಜ್ವರ ಇಳಿದ ಮೇಲೆ ಉಳಿದವನ್ನು ನಾನು ಅದರಲ್ಲಿ ಜೋಪಾನವಾಗಿ ಕೂಡಿಡುತ್ತಿದ್ದೆ. ಅನ್ನದ ಅಗುಳನ್ನೂ ಚೆಲ್ಲಬಾರದೆಂದು ಕಲಿತು ಬೆಳೆದವನಿಗೆ ಹಣ ಕೊಟ್ಟು ತಂದ ಔಷಧಿಯನ್ನು ಎಸೆಯಲು ಮನಸ್ಸು ಬರುವುದಾದರೂ ಹೇಗೆ? ನೆಗಡಿಯಾದರೆ ಒಂದು, ಗಂಟಲು ಕೆರೆದರೆ ಇನ್ನೊಂದು. ನೆರೆಯವರು ಕೇಳಿದರೆ ಅವರಿಗೂ ಎರಡು. ನೆಗಡಿಯು ವೈರಸ್ಸಿನ ಕೆಲಸ, ಅದಕ್ಕೆ ಈ ಮಾತ್ರೆ ತಾಗುವುದೇ ಇಲ್ಲವೆಂಬುದು ನನಗೆ ತಿಳಿದಿರಲಿಲ್ಲ. ಕೊಡುವುದನ್ನು ಪರೋಪಕಾರವೆಂದೇ ಭಾವಿಸಿದ್ದೆ.

ನಿವೃತ್ತನಾದ ಮರುವರ್ಷ ತೋಟದಲ್ಲಿ ಮುಳ್ಳು ಚುಚ್ಚಿ ಕಾಲು ಕೀವಾಯಿತು. ಡಬ್ಬದ ಮಾತ್ರೆಗಳು ನಾಟಲಿಲ್ಲ. ಊತ ಮೊಳಕಾಲಿನವರೆಗೆ ಏರಿ, ಚಳಿಜ್ವರ ಹಿಡಿದು, ಆಸ್ಪತ್ರೆ ಸೇರಬೇಕಾಯಿತು. ಕೀವಿನ ಪರೀಕ್ಷೆಯ ವರದಿ ಮೂರನೆಯ ದಿನ ಬಂದಿತು. ಒಂದೊಂದು ಔಷಧಿಯ ಹೆಸರಿನ ಮುಂದೆಯೂ ಒಂದೊಂದು ಅಕ್ಷರ: ಕೆಲವಕ್ಕೆ ‘ಎಸ್’, ಕೆಲವಕ್ಕೆ ‘ಆರ್’. ಜೀವಮಾನವೆಲ್ಲ ಅಂಕಪಟ್ಟಿ ಬರೆದ ನನಗೆ ಅದೂ ಅಂಕಪಟ್ಟಿಯಂತೆಯೇ ಕಂಡಿತು.

“‘ಆರ್’ ಎಂದರೆ ಔಷಧಿ ನಪಾಸಾಗಿದೆ ಎಂದರ್ಥ, ಮೇಷ್ಟ್ರೇ” ಎಂದರು ವೈದ್ಯೆ. ಪೆನಿಸಿಲಿನ್ನಿಗೂ, ನನ್ನ ಡಬ್ಬದಲ್ಲಿ ಹೆಚ್ಚಾಗಿದ್ದ ಅದರ ದಾಯಾದಿ ಅಮಾಕ್ಸಿಸಿಲಿನ್ನಿಗೂ ಆ ಗುರುತು ಬಿದ್ದಿತ್ತು.

ಅವರು ಮಂಚದ ಬಳಿ ನಿಂತು ಹೇಳಿದುದನ್ನೂ ಆಮೇಲೆ ನಾನು ಓದಿ ತಿಳಿದುದನ್ನೂ ಇಲ್ಲಿ ಬರೆಯುತ್ತೇನೆ. ಬ್ಯಾಕ್ಟೀರಿಯವು ತನ್ನ ಸುತ್ತ ಗೋಡೆ ಕಟ್ಟಿಕೊಂಡು ಬದುಕುವ ಜೀವಿ. ಆ ಗೋಡೆಯ ಎಳೆಗಳನ್ನು ಬೆಸೆಯುವ ಕೆಲಸಗಾರನ ಕೈಯನ್ನು ಪೆನಿಸಿಲಿನ್ ಹಿಡಿದುಬಿಡುತ್ತದೆ. ಗೋಡೆ ಸಡಿಲಗೊಂಡು ಜೀವಿ ಒಡೆದು ಸಾಯುತ್ತದೆ. ಔಷಧಿಯ ಈ ಶಕ್ತಿಯ ಮೂಲವು ಅದರ ಅಣುವಿನಲ್ಲಿರುವ ನಾಲ್ಕೇ ಪರಮಾಣುಗಳ ಪುಟ್ಟ ಉಂಗುರ. ಕೆಲವು ಬ್ಯಾಕ್ಟೀರಿಯಗಳು ಪೆನಿಸಿಲಿನೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಈ ಕಿಣ್ವವು ನೀರಿನ ಒಂದು ಅಣುವನ್ನು ಸೇರಿಸಿ ಆ ಉಂಗುರವನ್ನು ಬಿಚ್ಚಿಹಾಕುತ್ತದೆ. ಉಂಗುರ ಬಿಚ್ಚಿದ ಪೆನಿಸಿಲಿನ್ ಹಲ್ಲು ಕಿತ್ತ ಹಾವು. ಕಿಣ್ವವಾದರೋ ತಾನು ಸವೆಯದೆ ಮುಂದಿನ ಅಣುವಿಗೆ ಕೈಹಾಕುತ್ತದೆ.

ಔಷಧಿ ಬಳಕೆಗೆ ಬಂದ ಮೇಲೆ ಈ ಕಿಣ್ವ ಹುಟ್ಟಿತೆಂದು ನಾನು ಊಹಿಸಿದ್ದೆ. ಹಾಗಲ್ಲ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನಲ್ಲಿ ಕಂಡುಹಿಡಿದ ಪೆನಿಸಿಲಿನ್ನನ್ನು ಔಷಧಿಯಾಗಿಸಲು ಆಕ್ಸ್‌ಫರ್ಡಿನ ವಿಜ್ಞಾನಿಗಳು ಹೆಣಗುತ್ತಿದ್ದ ಕಾಲದಲ್ಲಿಯೇ, 1940ರ ಡಿಸೆಂಬರಿನಲ್ಲಿ, ಅವರಲ್ಲೇ ಇಬ್ಬರಾದ ಅಬ್ರಹಾಂ ಮತ್ತು ಚೈನ್ ಅದನ್ನು ಕೆಡಿಸುವ ಕಿಣ್ವವು ಬ್ಯಾಕ್ಟೀರಿಯದಲ್ಲಿ ಇದೆಯೆಂದು ಪ್ರಕಟಿಸಿದರು. ಬೀಗ ಅಂಗಡಿಗೆ ಬರುವ ಮೊದಲೇ ಬೀಗದ ಕೈ ಕಳ್ಳನ ಬಳಿ ಇತ್ತು!

ಮರು ಫೆಬ್ರವರಿಯಲ್ಲಿ ಅದೇ ಊರಿನಲ್ಲಿ, ಸೋಂಕಿನಿಂದ ಸಾಯುತ್ತಿದ್ದ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಳ್ಳತೊಡಗಿದ. ಇದ್ದ ಔಷಧಿ ಸಾಲದಾದಾಗ ಅವನ ಮೂತ್ರದಿಂದಲೇ ಅದನ್ನು ಸೋಸಿ ತೆಗೆದು ಮತ್ತೆ ಕೊಟ್ಟರು. ಅದೂ ಮುಗಿಯಿತು. ಸೋಂಕು ಮರುಕಳಿಸಿ ಮಾರ್ಚಿನಲ್ಲಿ ಅವನು ತೀರಿಕೊಂಡ. ಇದನ್ನು ಓದಿದ ರಾತ್ರಿ ನನಗೆ ನಮ್ಮ ಮನೆಯ ಡಬ್ಬ ಕಣ್ಣಮುಂದೆ ಬಂದು ನಿದ್ರೆ ಹತ್ತಲಿಲ್ಲ.

ಕಿಣ್ವವನ್ನು ನಾವು ಸೃಷ್ಟಿಸಲಿಲ್ಲ, ನಿಜ; ಅದುಳ್ಳವುಗಳಿಗೆ ಜಾಗ ತೆರವು ಮಾಡಿಕೊಟ್ಟವರು ನಾವು. ಬೇಕಿಲ್ಲದೆ ನುಂಗಿದ ಪ್ರತಿಯೊಂದು ಮಾತ್ರೆಯೂ ದುರ್ಬಲ ಬ್ಯಾಕ್ಟೀರಿಯಗಳನ್ನು ಕೊಂದು ಬಲಿಷ್ಠವಾದವನ್ನು ಉಳಿಸುತ್ತದೆ. ಉಳಿದವು ಕಿಣ್ವ ತಯಾರಿಸುವ ವಿದ್ಯೆಯನ್ನು ಮರಿಗಳಿಗೆ ಮಾತ್ರವಲ್ಲ, ನೆರೆಯ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು. ಅರೆಬರೆ ಪ್ರಮಾಣದ ಅಪಾಯವನ್ನು ಫ್ಲೆಮಿಂಗ್ ಅವರು 1945ರ ತಮ್ಮ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದರು.

“ನನ್ನ ಡಬ್ಬದಿಂದಲೇ ಹೀಗಾಯಿತೇನಮ್ಮ?” ಎಂದು ವೈದ್ಯೆಯನ್ನು ಕೇಳಿದೆ.

“ಹೇಳಲಾರೆ, ಮೇಷ್ಟ್ರೇ. ಅಂಥ ಡಬ್ಬ ಊರಿನ ಎಷ್ಟೋ ಮನೆಗಳಲ್ಲಿದೆ” ಎಂದರು.

ಕಿಣ್ವವನ್ನು ಕಟ್ಟಿಹಾಕುವ ಕ್ಲಾವುಲಾನಿಕ್ ಆಮ್ಲವನ್ನು ಬೆರೆಸಿದ ಔಷಧಿಯಿಂದ ನನ್ನ ಕಾಲು ಉಳಿಯಿತು. ಆ ಆಮ್ಲಕ್ಕೂ ಬಗ್ಗದ ಕಿಣ್ವಗಳು ಇವೆಯಂತೆ. ಮನೆಗೆ ಬಂದವನು ಡಬ್ಬವನ್ನು ಬರಿದು ಮಾಡಿದೆ. ಈಗ ಅದರಲ್ಲಿ ಸೂಜಿದಾರಗಳಿವೆ. ಮೊಮ್ಮಗುವಿಗೆ ಜ್ವರವೆಂದು ನೆರೆಮನೆಯ ಅಜ್ಜಿ ಈಗಲೂ ಎರಡು ಮಾತ್ರೆ ಕೇಳಲು ಬರುತ್ತಾರೆ. ಇಲ್ಲ, ವೈದ್ಯರಲ್ಲಿಗೆ ಕರೆದೊಯ್ಯಿರಿ ಎನ್ನುತ್ತೇನೆ. ವಯಸ್ಸಾದಂತೆ ಮೇಷ್ಟ್ರು ಜಿಪುಣರಾದರೆಂದು ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ.