ನೋವಿಲ್ಲದ ರಕ್ತ

ಉಪ್ಪಳ, ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ಬ್ಯಾರಿ ಮನೆಗಳಲ್ಲಿ ಮೂತ್ರ ಉರಿದರೂ, ಕೆಂಪಾದರೂ ಹೇಳುವ ಮಾತು ಒಂದೇ: "ಉಷ್ಣ ಆಗಿದೆ." ಎರಡು ಬೊಂಡ ಕುಡಿ, ಬಾರ್ಲಿ ನೀರು ಕುಡಿ, ಕೋಳಿ ತಿನ್ನಬೇಡ. ನಾಲ್ಕು ದಿನದಲ್ಲಿ ಕಡಿಮೆಯಾದರೆ ಮಾತು ಅಲ್ಲಿಗೆ ಮುಗಿಯಿತು. ನಾನು ಕೆಲಸಕ್ಕೆಂದು ಚೀನಾದ ಯೀವು ನಗರಕ್ಕೆ ಹೋದ ಮೇಲೆ ತಿಳಿಯಿತು, ಅಲ್ಲಿಯ ಹಳೆಯ ವೈದ್ಯವೂ ಇದಕ್ಕೆ ಮೊದಲು ಹೇಳುವ ಕಾರಣ ಉಷ್ಣವೇ. ಆದರೆ ಅದು ಉಷ್ಣ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ.

ಯೀವು ಎಂದರೆ ನಮ್ಮೂರಿನ ಫ್ಯಾನ್ಸಿ ಅಂಗಡಿಯವರಿಗೆಲ್ಲ ಗೊತ್ತು. ಆಟಿಕೆ, ಛತ್ರಿ, ಬ್ಯಾಗು ಎಲ್ಲ ಅಲ್ಲಿಂದಲೇ ಬರುವುದು. ಸಾಮಾನು ಆರಿಸಿ, ಪ್ಯಾಕ್ ಮಾಡಿಸಿ, ಕಂಟೇನರಿಗೆ ಹಾಕಿಸುವುದು ನನ್ನ ಕೆಲಸ. ಒಮ್ಮೆ ಖರೀದಿಗೆ ಬಂದ ಮಾಮ ನನ್ನ ರೂಮಿನಲ್ಲೇ ಉಳಿದಿದ್ದರು. ಮೂರನೆಯ ದಿನ ಬೆಳಿಗ್ಗೆ ಮೆಲ್ಲಗೆ ಕೇಳಿದರು, "ಮೋನೇ, ಇಲ್ಲಿ ಬೇರಿನ ಮದ್ದು ಕೊಡುವ ಒಳ್ಳೆಯವರು ಇದ್ದಾರಾ?"

"ಯಾಕೆ ಮಾಮ?"

"ಮೂತ್ರದಲ್ಲಿ ರಕ್ತ. ಒಂದು ತಿಂಗಳಿನಿಂದ ಬರುತ್ತದೆ, ಹೋಗುತ್ತದೆ. ನೋವೇನೂ ಇಲ್ಲ. ಉಷ್ಣ ಇರಬೇಕು."

ಮಾಮಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಸಿಗರೇಟು ಸೇದಿದವರು.

ಚೀನೀ ಪದ್ಧತಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಅಂಥ ಆಸ್ಪತ್ರೆಗಳಲ್ಲಿ ಕಷಾಯದ ಬೇರುಗಳೂ ಇರುತ್ತವೆ, ಸ್ಕ್ಯಾನಿಂಗ್ ಮೆಷೀನೂ ಇರುತ್ತದೆ. ವಯಸ್ಸಾದ ಡಾಕ್ಟರಮ್ಮ ನಾಲಿಗೆ ನೋಡಿದರು, ಎರಡೂ ಕೈಗಳಲ್ಲಿ ಮೂರು ಬೆರಳಿಟ್ಟು ನಾಡಿ ಹಿಡಿದರು. ಬಣ್ಣ ಹೇಗಿದೆ, ಹೆಪ್ಪುಗಟ್ಟಿದ ತುಂಡು ಬಂತೇ ಎಂದು ಕೇಳಿದರು. ನೋವಿದೆಯೇ ಎಂಬುದನ್ನು ಮಾತ್ರ ಮೂರು ಸಲ ಕೇಳಿದರು.

ಯಾಕೆಂದು ನಾನು ಕೇಳಿದಾಗ ವಿವರಿಸಿದರು. ಅವರ ಶಾಸ್ತ್ರದಲ್ಲಿ ಮೂತ್ರದ ರಕ್ತಕ್ಕೆ ಎರಡು ಹೆಸರಿವೆ. ನೋವು, ಉರಿಯೊಂದಿಗೆ ಬಂದರೆ ಶ್ಯುಯೆ ಲಿನ್. ನೋವಿಲ್ಲದೆ ಬಂದರೆ ನ್ಯಾವ್ ಶ್ಯುಯೆ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹೇಳಿದವರು ಜು ದಾನ್‌ಶಿ, 1281ರಿಂದ 1358ರವರೆಗೆ ಬದುಕಿದ್ದ ವೈದ್ಯ. ಅವರು ಇದೇ ಯೀವು ಊರಿನವರು. ರಕ್ತ ಕೆಂಪಗೆ ಇದ್ದರೆ ದೇಹದ ಕೆಳಭಾಗದಲ್ಲಿ ಉಷ್ಣ ತುಂಬಿ ರಕ್ತನಾಳಗಳಿಗೆ ಪೆಟ್ಟಾಗಿದೆ ಎಂದು ಲೆಕ್ಕ. ಮಾಸಲಾಗಿದ್ದು ಬಹಳ ದಿನ ನಡೆದರೆ, ರಕ್ತವನ್ನು ನಾಳದೊಳಗೆ ಹಿಡಿದಿಡುವ ಗುಲ್ಮದ ಶಕ್ತಿಯೋ ಕಿಡ್ನಿಯ ಶಕ್ತಿಯೋ ಕುಂದಿದೆ ಎಂದು ಲೆಕ್ಕ. ಮೊದಲನೆಯದಕ್ಕೆ ತಂಪಿನ ಮದ್ದು, ಎರಡನೆಯದಕ್ಕೆ ಬಲದ ಮದ್ದು. ಎಲ್ಲದಕ್ಕೂ ತಂಪು ಕೊಟ್ಟರೆ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಅವರು ಕಷಾಯ ಬರೆಯಲಿಲ್ಲ. "ಮೊದಲು ಮೂತ್ರ ಪರೀಕ್ಷೆ, ಸ್ಕ್ಯಾನ್" ಎಂದರು. ಸ್ಕ್ಯಾನಿನಲ್ಲಿ ಮೂತ್ರಕೋಶದ ಒಳಗೋಡೆಗೆ ಅಂಟಿದ ಸಣ್ಣ ಗೆಡ್ಡೆ ಕಂಡಿತು. ಮಾಮ ಊರಿಗೆ ವಾಪಸಾಗಿ ಮಂಗಳೂರಿನಲ್ಲಿ ಮೂತ್ರದ ದಾರಿಯಿಂದಲೇ ನಳಿಕೆ ಹಾಕಿಸಿ ಅದನ್ನು ತೆಗೆಸಿಕೊಂಡರು. ಕ್ಯಾನ್ಸರ್ ಹೌದು, ಆದರೆ ಒಳಪೊರೆಯಲ್ಲಿ ಮಾತ್ರ ಇತ್ತು. ಮತ್ತೆ ಬರುವ ಜಾತಿಯದ್ದಾದ್ದರಿಂದ ಮೂರು ತಿಂಗಳಿಗೊಮ್ಮೆ ನೋಡಿಸಲು ಹೇಳಿದ್ದಾರೆ. ಸಿಗರೇಟು ಬಿಟ್ಟಿದ್ದಾರೆ. ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ ಎಂದು ಮಾಮನಿಗೂ ಮೊದಲು ಗೊತ್ತಿರಲಿಲ್ಲ.

ಹೊರಡುವ ಮುನ್ನ ಮಾಮ ಎರಡು ಕಟ್ಟು ಬೇರು ಕೊಂಡುಹೋಗುತ್ತೇನೆ ಎಂದಿದ್ದರು. ಡಾಕ್ಟರಮ್ಮ ಬೇಡ ಎಂದರು. ಅದರ ಕಾರಣ ನಾನು ಆಮೇಲೆ ಓದಿ ತಿಳಿದುಕೊಂಡೆ. ಮೂತ್ರದ ರಕ್ತಕ್ಕೆ ಅವರಲ್ಲಿ ಹೆಸರುವಾಸಿಯಾದ ಕಷಾಯ ಶ್ಯಾವ್ ಜಿ ಯಿನ್ ಜಿ, 13ನೇ ಶತಮಾನದ್ದು. ಮುಳ್ಳುಗಿಡವೊಂದರ ಸೊಪ್ಪು, ತಾವರೆ ಗೆಡ್ಡೆಯ ಗಂಟು ಹೀಗೆ ಹತ್ತು ವಸ್ತುಗಳು. ಅದರಲ್ಲಿ ಒಂದು ಮು ತುಂಗ್ ಎಂಬ ಬಳ್ಳಿ. ಕಾಲ ಹೋದಂತೆ ಅದೇ ಹೆಸರಿನಲ್ಲಿ ಇನ್ನೊಂದು ಬಳ್ಳಿ, ಗುವಾನ್ ಮು ತುಂಗ್, ಮಾರಾಟವಾಗತೊಡಗಿತು. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರದ ದಾರಿಯಲ್ಲಿ ಕ್ಯಾನ್ಸರ್ ತರುತ್ತದೆ. ಅಂದರೆ ರಕ್ತ ನಿಲ್ಲಿಸಲು ಕುಡಿದ ಮದ್ದೇ ರಕ್ತ ಬರುವ ರೋಗ ತರಬಹುದಿತ್ತು. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯೊಳಗೆ ಇದೇ ಜಾತಿಯ ಬೇರೆ ಗಿಡ ತಪ್ಪಿ ಸೇರಿ, ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಅವರಲ್ಲಿ 39 ಜನರ ಕಿಡ್ನಿ, ಮೂತ್ರನಾಳ ತೆಗೆದು ನೋಡಿದಾಗ 18 ಜನರಲ್ಲಿ ಕ್ಯಾನ್ಸರ್ ಇತ್ತು. 2003ರಲ್ಲಿ ಚೀನಾ ಸರಕಾರ ಗುವಾನ್ ಮು ತುಂಗ್ ಬಳಕೆಯನ್ನು ನಿಲ್ಲಿಸಿತು.

ಇದು ದೂರದ ಸುದ್ದಿಯಲ್ಲ. ಹಾವು ಕಡಿದದ್ದಕ್ಕೆಂದು ನಮ್ಮ ಹಿತ್ತಲುಗಳಲ್ಲಿ ಬೆಳೆಸುವ ಈಶ್ವರಬಳ್ಳಿ, ಮಲೆಯಾಳದವರು ಗರುಡಕ್ಕೊಡಿ ಎನ್ನುವುದು, ಅದೇ ಕುಟುಂಬದ ಗಿಡ. ಅದೇ ಆಮ್ಲ ಅದರಲ್ಲೂ ಇದೆ.

ಬೊಂಡ ಬೇಡ, ಬಾರ್ಲಿ ಬೇಡ ಎಂದು ನಾನು ಹೇಳುವುದಿಲ್ಲ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದರೂ ಮೂತ್ರ ಕೆಂಪಾಗಬಹುದು. ಉರಿ, ಜ್ವರ ಇದ್ದರೆ ಸೋಂಕಿರಬಹುದು, ಪಕ್ಕೆಯಲ್ಲಿ ಸಹಿಸಲಾಗದ ನೋವಿದ್ದರೆ ಕಲ್ಲಿರಬಹುದು. ಇವಕ್ಕೆಲ್ಲ ನಾವು ನೋವಿನಿಂದಾಗಿ ತಾನಾಗಿಯೇ ಡಾಕ್ಟರ ಹತ್ತಿರ ಓಡುತ್ತೇವೆ. ನೋವಿಲ್ಲದ್ದನ್ನೇ ಮುಚ್ಚಿಡುತ್ತೇವೆ. ಗಂಡಸರಿಗೆ ನಾಚಿಕೆ, ಹೆಂಗಸರು ಮುಟ್ಟಿನದ್ದಿರಬೇಕು ಎಂದುಕೊಳ್ಳುತ್ತಾರೆ. ಮುಟ್ಟು ನಿಂತ ಉಮ್ಮಂದಿರಂತೂ ಮಕ್ಕಳಿಗೂ ಹೇಳುವುದಿಲ್ಲ. ಎರಡು ದಿನದಲ್ಲಿ ರಕ್ತ ತಾನಾಗಿ ನಿಂತರೆ ಗುಣವಾಯಿತು ಎಂದುಕೊಳ್ಳುತ್ತೇವೆ. ಗೆಡ್ಡೆಯ ರಕ್ತವೂ ಹಾಗೆಯೇ ಬಂದು ನಿಲ್ಲುತ್ತದೆ.

ಒಂದೇ ಒಂದು ಸಲ ಕಂಡರೂ ಮನೆಯಲ್ಲಿ ಯಾರಿಗಾದರೂ ಹೇಳಿ. ಮೂತ್ರ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಮಾಡಿಸಿ, ಮೂತ್ರರೋಗದ ಡಾಕ್ಟರಿಗೆ ತೋರಿಸಿ. ಉಷ್ಣವೇ ಆಗಿದ್ದರೆ ಬೊಂಡ ಆಮೇಲೂ ಕುಡಿಯಬಹುದು.