ರಾಜೀನಾಮೆ

‘ರಾಜೀನಾಮೆ’ ಪಾರಸಿಯಿಂದ ಬಂದ ಮಾತು. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಹಿಂದಿಯವರಿಗೆ ಅದು ಇಂದಿಗೂ ವ್ಯಾಜ್ಯ ತೀರಿಸಿಕೊಂಡ ಒಪ್ಪಂದವೇ. ಒಪ್ಪಿಗೆಯ ಓಲೆ ನಮ್ಮಲ್ಲಿ ‘ಒಲ್ಲೆ’ನೆಂಬ ಓಲೆಯಾದದ್ದು ಹೇಗೋ!

ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಊರವರ ಲಗ್ನಪತ್ರಿಕೆ, ಬಿನ್ನವತ್ತಳೆಗಳನ್ನು ತಿದ್ದುವ ಕೆಲಸವೂ ಅಂಟಿಕೊಂಡಿರುತ್ತದೆ. ಕಳೆದ ತಿಂಗಳು, ಬೇರೊಂದು ಕಾಲೇಜಿನ ತರುಣ ಮಿತ್ರರೊಬ್ಬರು ತಮ್ಮ ರಾಜೀನಾಮೆಯನ್ನೇ ತಂದರು. ನಾಲ್ಕು ಪುಟ! ಬಾಕಿ ಸಂಬಳ, ಆಡಳಿತದವರ ಬಿರುನುಡಿ, ಆಫೀಸಿನ ಬೀರುವಿನಲ್ಲಿಟ್ಟುಕೊಂಡ ಇವರ ಮೂಲ ಅಂಕಪಟ್ಟಿಗಳು, ಒಂದೂ ಸುಳ್ಳಲ್ಲ. ಆದರೂ ಹೊಡೆದುಹಾಕಿ ಮೂರು ಸಾಲು ಉಳಿಸಿದೆ: ಬಿಡುವ ಹುದ್ದೆ, ಕಡೆಯ ದಿನ, ಹಾಜರಿ ಪುಸ್ತಕ ಒಪ್ಪಿಸುವ ಮಾತು. ಸಂಬಳಕ್ಕೂ ಅಂಕಪಟ್ಟಿಗೂ ಬೇರೆ ಅರ್ಜಿ ಬರೆದು, ಎರಡಕ್ಕೂ ಸ್ವೀಕೃತಿಯ ರುಜು ಹಾಕಿಸಿಕೊಳ್ಳಿ ಎಂದೆ.

“ನನ್ನ ಸಿಟ್ಟು?”

“ಅದಕ್ಕೆ ಕಾಫಿ ಹೋಟೆಲಿದೆ.”

“ಒಪ್ಪದೆ ಹೋದರೆ?”

ಶಾಸ್ತ್ರಿಗಳ ಕಥೆ ಹೇಳಿದೆ. 1956ರ ಸೆಪ್ಟೆಂಬರ್‌ನಲ್ಲಿ, ಮೆಹಬೂಬನಗರದ ರೈಲು ದುರಂತವಾದಾಗ ಲಾಲ್ ಬಹದ್ದೂರರು ಕೊಟ್ಟ ರಾಜೀನಾಮೆಯನ್ನು ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ಅರಿಯಲೂರಿನ ದುರಂತ. ಮತ್ತೆ ಕೊಟ್ಟರು, ಒಪ್ಪಬೇಕಾಯಿತು.

“ಅವರ ಅಂಕಪಟ್ಟಿ ಯಾರ ಬೀರುವಿನಲ್ಲೂ ಇರಲಿಲ್ಲವಲ್ಲ, ಸಾರ್!”

ನನಗೆ ಉತ್ತರ ಹೊಳೆಯಲಿಲ್ಲ. ಅವರು ಕೊಟ್ಟ ಅರ್ಜಿಗಳಿಗೆ ಸ್ವೀಕೃತಿಯ ರುಜುವೇನೋ ಸಿಕ್ಕಿತು. ಬೀರು ಮಾತ್ರ ಮೊನ್ನೆಯವರೆಗೂ ತೆರೆದಿಲ್ಲ.